ಕಾಮೋಠೆ ಹುಡುಗನ ವೈಫೈ

"ಪ್ರೇಕ್ಷಾ, ಕೇಳು. ರಮಿತಕ್ಕನ ಸಂಬಂಧ ಖತಂ. ಹುಡುಗ ಸುಳ್ಳ ಅಂತೆ. ಅದೂ ವೈಫೈ ವಿಷಯದಲ್ಲಿ."

ಫೋನಲ್ಲಿ ನನ್ನ ಅತ್ತೆ ಮಗಳು ತನ್ವಿ, ಕಲ್ಯಾಣದಿಂದ. ನಾನು ಡೊಂಬಿವಲಿ ಸ್ಟೇಷನ್ ಬ್ರಿಜ್ ಮೇಲೆ ನಿಂತು ಜೋರಾಗಿ ನಕ್ಕೆ. ಅವಳು ನಗ್ಲಿಲ್ಲ.

ಹುಡುಗಿ ಕಡೆಯವರು ಹುಡುಗನ ಮನೆ ನೋಡ್ಲಿಕ್ಕೆ ಹೋಗುವ ಕ್ರಮ ಉಂಟಲ್ಲ, ನಿನ್ನೆ ತನ್ವಿಯ ಅಮ್ಮ ಭಾಗಿ ಅತ್ತೆ ದೊಡ್ಡ ಮಗಳು ರಮಿತಕ್ಕನ ಜೊತೆ ಕಾಮೋಠೆಗೆ ಹೋಗಿದ್ರು. ಅಕ್ಕ ಮನೆಯಲ್ಲೇ ಕೂತು ವಿಡಿಯೋ ಎಡಿಟ್ ಮಾಡುವವಳು, ನೆಟ್ ಇಲ್ಲದಿದ್ರೆ ಕೆಲಸವೇ ಇಲ್ಲ. ಹಾಗಾಗಿ ಅತ್ತೆ ನಲ್ಲಿ, ಗ್ಯಾಸ್ ಎಲ್ಲ ಬಿಟ್ಟು ಮೊದ್ಲು ವೈಫೈ ಕೇಳಿದ್ರಂತೆ. ಹುಡುಗ ಅಕ್ಷಿತ್ "ಇನ್ನೂರರ ಸ್ಪೀಡ್ ಆಂಟಿ" ಅಂದ. ಅತ್ತೆ ಬಿಡ್ತಾರಾ. ಅಕ್ಕನ ಲ್ಯಾಪ್‌ಟಾಪಲ್ಲಿ ದೊಡ್ಡ ಫೈಲ್ ಒಂದು ಡೌನ್‌ಲೋಡ್ ಹಾಕಿಸಿ ನೋಡಿದ್ರೆ, ಇಪ್ಪತ್ತೈದು.

"ಎಂಟನೇ ಒಂದು ಪಾಲು ಮಾತ್ರ ನಿಜ ಅಂತೆ. ಸಂಬಳವೂ ಹಾಗೇ ಹೇಳಿರ್ತಾನೆ ಅಂತೆ" ಅಂದ್ಲು ತನ್ವಿ.

"ಅಕ್ಕ ಏನಂತಾಳೆ?"

"ಅವಳಿಗೆ ಅವನು ಇಷ್ಟ ಮಾರಾಯ್ತಿ. ಎರಡರ ಲೆಕ್ಕವೇ ಬೇರೆ ಅಂತ ಹೇಳ್ಲಿಕ್ಕೆ ಹೋದ್ಲು. ನೀನು ಈಗ್ಲೇ ಅವನ ಪಾರ್ಟಿ, ಬಾಯಿ ಮುಚ್ಚು ಅಂದ್ರು ಅಮ್ಮ. ಸಂಜೆ ಹುಡುಗನ ಮನೆಗೆ ಫೋನ್ ಮಾಡಿ ಬೇಡ ಅಂತಾರೆ."

"ಅಮ್ಮನ ಫೋನ್ ಎಲ್ಲಾದ್ರೂ ಅಡಗಿಸು. ನಾನು ಬಂದೆ."

ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಂತ ಲೋಕಲ್ ಟ್ರೈನ್ ಹತ್ತುವಾಗ್ಲೇ ಗೊತ್ತಿತ್ತು. ಯಾಕಂದ್ರೆ ಅತ್ತೆಯವರದ್ದು ಹೋಟೆಲ್, ಬೇಕರಿಯಿಂದ ಪಾವ್ ಬನ್ನು ಲಾದಿ ಲೆಕ್ಕದಲ್ಲಿ, ಅಂದ್ರೆ ಒಂದಕ್ಕೊಂದು ಅಂಟಿದ ಕಟ್ಟಿನ ಲೆಕ್ಕದಲ್ಲಿ, ತಕೊಳ್ಳೋದು ಅತ್ತೆಯೇ.

ನಾನು ಹೋದಾಗ ಅತ್ತೆ ಸೋಫಾ ಕುಶನ್ ಎತ್ತಿ ಎತ್ತಿ ಫೋನ್ ಹುಡುಕ್ತಾ ಇದ್ರು.

"ಅತ್ತೆ, ಒಂದು ಲಾದಿಗೆ ಎಷ್ಟು ಪಾವ್?"

"ಎಂಟು. ಯಾಕೆ, ಹಸಿವಾ?"

"ಬೇಕರಿಯವ ಇನ್ನೂರು ಪಾವ್ ಕಳಿಸ್ದ. ನೀವು ಲಾದಿ ಎಣಿಸಿದ್ರಿ. ಇಪ್ಪತ್ತೈದು. ಅವ ಕಳ್ಳನಾ?"

"ಕಳ್ಳ ಯಾಕೆ, ಸರಿಯಾಗೇ ಕೊಟ್ಟ."

"ಅಕ್ಷಿತ್ ಹೇಳಿದ್ದು ಬಿಡಿ ಪಾವ್. ಅದಕ್ಕೆ ಬಿಟ್ ಅಂತಾರೆ. ಲ್ಯಾಪ್‌ಟಾಪ್ ತೋರಿಸಿದ್ದು ಲಾದಿ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಇನ್ನೂರನ್ನ ಎಂಟರಿಂದ ಭಾಗಿಸಿ."

ಅತ್ತೆ ಕೈಯಲ್ಲಿದ್ದ ಕುಶನ್ ಕೆಳಗಿಟ್ರು. ಆಮೇಲೆ, "ಮತ್ತೆ ಕಂಪನಿಯವರು ಲಾದಿಯಲ್ಲೇ ಹೇಳ್ಬಹುದಲ್ಲ?"

"ಬಿಡಿಯಲ್ಲಿ ಹೇಳಿದ್ರೆ ನಂಬರ್ ದೊಡ್ಡದು ಕಾಣ್ತದೆ."

"ಬಾಯಲ್ಲಿ ಹೇಳಿದ್ದು ನಂಬುವವಳಲ್ಲ ನಾನು. ನಮ್ಮದು ಎಷ್ಟರ ಪ್ಲ್ಯಾನ್?"

"ನಲವತ್ತು" ಅಂದ್ಲು ರಮಿತಕ್ಕ, ಅಡುಗೆಮನೆ ಬಾಗಿಲಿಂದ. ಅಷ್ಟು ಹೊತ್ತು ಅಲ್ಲೇ ನಿಂತಿದ್ಲು ಪಾಪ.

"ಡೌನ್‌ಲೋಡ್ ಹಾಕು."

ನಾಲ್ಕು ಜನ ಸ್ಕ್ರೀನಿಗೆ ತಲೆ ಕೊಟ್ಟು ಕೂತೆವು. ನಾಲ್ಕೂವರೆ, ನಾಲ್ಕೂಮುಕ್ಕಾಲು, ಐದು. ಅಲ್ಲೇ ನಿಂತಿತು. ಅತ್ತೆ ಬೆರಳಲ್ಲಿ ಎಂಟೈದ್ಲ ನಲವತ್ತು ಅಂತ ಎಣಿಸಿ ನೋಡಿದ್ರು.

"ಅಂದ್ರೆ ನಮ್ಮ ಮನೆದು ಐದು ಲಾದಿ, ಅವನದ್ದು ಇಪ್ಪತ್ತೈದು?"

"ಹೌದು."

"ಮತ್ತೆ ಇವಳು ಇಷ್ಟು ದಿನ ಇದ್ರಲ್ಲಿ ಹೇಗೆ ಕೆಲಸ ಮಾಡಿದ್ದು?"

"ಅದನ್ನೇ ಅಮ್ಮ ನಾನು ಹೇಳೋದು" ಅಂದ್ಲು ಅಕ್ಕ.

ತನ್ವಿ ಅಕ್ಕಿ ಡಬ್ಬದಿಂದ ಫೋನ್ ತೆಗೆದು ಕೊಟ್ಲು. ಅತ್ತೆ ಅವಳನ್ನ ಒಮ್ಮೆ ಗುರಾಯಿಸಿ, ನಂಬರ್ ಒತ್ತಿ, ಸ್ವರ ಬದ್ಲಿಸಿದ್ರು.

"ನಮಸ್ಕಾರ, ಅಕ್ಷಿತ್‌ನ ಅಮ್ಮ ಅಲ್ವಾ? ನಾನು ಕಲ್ಯಾಣದಿಂದ ಭಾಗೀರಥಿ. ನಿನ್ನೆ ಗಡಿಬಿಡಿಯಲ್ಲಿ ನಿಮ್ಮ ನಲ್ಲಿ ನೋಡ್ಲಿಕ್ಕೇ ಮರೆತೆ ನೋಡಿ. ನಾಳೆ ನಾಲ್ಕಕ್ಕೆ ಬಂದ್ರೆ ಆದೀತಾ? ಆಯ್ತು, ಅವನೂ ಮನೆಯಲ್ಲಿರ್ಲಿ. ಮಾತಾಡಿ ಮುಗಿಸುವ."

ಫೋನ್ ಇಟ್ಟು ನನ್ನ ಕಡೆ ತಿರುಗಿದ್ರು.

"ನೀನೂ ಬಾ. ಎರಡು ಗಂಟೆಗೆ ಇಲ್ಲಿರು, ಒಟ್ಟಿಗೆ ಹೊರಡುವ."