ಮುಂದೆ ಎಲ್ಲಿಗೆ ಎಂಬ ನಾಲ್ಕನೆಯ ಕಾಲಂ

೧

ಮೊದಲ ವಾಕ್ಯದಲ್ಲಿ ಪರ್ವತ ಇರಬೇಕೋ ಬೇಡವೋ? ಎರಡು ವಾರದಿಂದ ಇದೊಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಪರ್ವತದಿಂದ ಶುರುವಾದ ಮೂರು ಡ್ರಾಫ್ಟ್‌ಗಳು ಈಗಾಗಲೇ ಕಸದ ಬುಟ್ಟಿಯಲ್ಲಿವೆ. ಮೊದಲನೆಯದರಲ್ಲಿ ‘ಭವ್ಯ’ ಎಂಬ ಪದ ನಾಲ್ಕು ಸಲ ಬಂದಿತ್ತು. ಎರಡನೆಯದರಲ್ಲಿ ಆ ಪದವನ್ನು ತೆಗೆದೆ, ಅದರ ಜೊತೆ ಪರ್ವತವೂ ಹೋಯಿತು. ಮೂರನೆಯದನ್ನು ಬರೆಯುತ್ತ ಕಿಟಕಿಯಾಚೆ ನೋಡಿದವನು ಅರ್ಧ ಗಂಟೆ ಹಾಗೇ ಕೂತುಬಿಟ್ಟೆ, ಕಾಫಿ ಆರಿತು. ಹಿಮಬೆಟ್ಟಗಳ ನಡುವಿನ ಈ ಕೂರ್ ಪಟ್ಟಣಕ್ಕೆ ಬಂದು ಇಪ್ಪತ್ತಾರು ವರ್ಷವಾದರೂ ಮಾರ್ಚ್ ತಿಂಗಳಲ್ಲಿ ನನಗೆ ಹೀಗೇ ಆಗುತ್ತದೆ. ಕೆಳಗೆ ಹಸಿರು, ಮೇಲೆ ಬಿಳಿ, ನಡುವಿನ ಗೆರೆ ದಿನಕ್ಕಿಷ್ಟು ಮೇಲೇರುತ್ತದೆ. ಬಾಯಿ ತೆರೆದುಕೊಂಡು ಕೂತವನಿಂದ ಕಥೆ ಮುಂದೆ ಹೋಗುವುದಿಲ್ಲ.

ಆದ್ದರಿಂದ ಅಡುಗೆಮನೆಯ ಮೇಜಿನಿಂದ ಶುರುಮಾಡುತ್ತೇನೆ. ಪರ್ವತ ಎಲ್ಲಿಗೂ ಓಡಿಹೋಗುವುದಿಲ್ಲ.

೨

(ಇದು ನಾಲ್ಕನೆಯ ಡ್ರಾಫ್ಟ್. ಇಲ್ಲಿ ಜನ ಇದ್ದಾರೆ.)

ಮೇಜಿನ ಒಂದು ತುದಿಯಲ್ಲಿ ರಿಯೆಟ್. ಐವತ್ತಮೂರು ವರ್ಷ, ರೈಲುಗಳ ವೇಳಾಪಟ್ಟಿ ಮಾಡುವುದು ಅವನ ಕೆಲಸ. ಮನೆಯಲ್ಲೂ ಅದೇ ಕೆಲಸ. ಈಸ್ಟರ್ ರಜೆಗೆ ಎಲ್ಲಿಗೆ ಹೋಗುವುದೆಂದು ತೀರ್ಮಾನಿಸಲು ಅವನು ಪ್ಲ್ಯಾನ್ ಎ, ಪ್ಲ್ಯಾನ್ ಬಿ, ಮಳೆ ಬಂದರೆ ಪ್ಲ್ಯಾನ್ ಸಿ ಎಂದು ಗೆರೆ ಎಳೆದು ಕಾಲಂ ಮಾಡಿ ತಂದಿದ್ದ. ಅವನ ಹೆಂಡತಿ ಆನೆಟ್ಟಾಳಿಗೆ ಸುರಂಗ ದಾಟಿ ದಕ್ಷಿಣದ ಕೆರೆಯ ದಡಕ್ಕೆ ಹೋಗುವ ಆಸೆ, ಅಲ್ಲಿ ಆಗಲೇ ಕೆಮೀಲಿಯಾ ಹೂ ಬಿಟ್ಟಿತ್ತು. ಹನ್ನೆರಡರ ಮಗಳು ಮೆಂಜಿಯಾಳಿಗೆ ಹಿಮ ಸಾಕು, ಉಪದೇಶ ಬೇಡ. ರಿಯೆಟ್‌ನ ತಾಯಿ ಬಾರ್ಬ್ಲಾ, ಎಂಬತ್ತೊಂದರ ಮುದುಕಿ, ಈಸ್ಟರ್ ಹಬ್ಬದ ಮೊಟ್ಟೆಗೆ ಬಣ್ಣ ಹಾಕಲು ಈರುಳ್ಳಿ ಸಿಪ್ಪೆ ಸುಲಿಯುತ್ತ ಕೂತಿದ್ದಳು. ರಿಯೆಟ್ ಬ್ರೆಡ್ಡಿಗೆ ಜಾಮ್ ಹಚ್ಚುತ್ತ, ಬಾಟಲಿಯ ಮೇಲೆ ಅಮ್ಮ ಬರೆದ ಚೀಟಿಯನ್ನು ಯಾವತ್ತಿನಂತೆ ಆಡಿಕೊಂಡ. ಬಾರ್ಬ್ಲಾ ಬರೆಯುವ ‘ಎಸ್’ ಅಕ್ಷರಕ್ಕೆ ಉದ್ದನೆಯ ಬಾಲ, ಅದು ಪಕ್ಕದ ಅಕ್ಷರಗಳ ಕೆಳಗೆಲ್ಲ ನುಸುಳಿ ಹೋಗುತ್ತದೆ. ಮೆಂಜಿಯಾ ಅದನ್ನು ಹಲ್ಲಿ ಎನ್ನುತ್ತಾಳೆ.

ಬಾರ್ಬ್ಲಾ ತಲೆಯೆತ್ತದೆ ಹೇಳಿದಳು, “ನಾನು ಆಲ್ವಾಕ್ಕೆ ಹೋಗ್ತೀನಿ. ಉಳಿದೋರು ಎಲ್ಲಿಗಾದ್ರೂ ಹೋಗಿ.”

ಆಲ್ವಾ ಎಂದರೆ ಅವಳ ತವರೂರಿನ ಮೇಲ್ಗಡೆ, ಬೆಟ್ಟ ಹತ್ತುವವರು ರಾತ್ರಿ ಕಳೆಯುವ ತಂಗುಮನೆ. ಮರಗಳು ಮುಗಿದ ಮೇಲೆ ಎರಡು ಗಂಟೆಯ ಏರು. ಅವಳ ಗಂಡ ಯಾಖೆನ್ ಕಡೆಯ ಸಲ ಮಲಗಿದ್ದು ಅಲ್ಲಿ. ಐವತ್ತಮೂರು ವರ್ಷದಿಂದ ಅವಳು ಅತ್ತ ಮುಖ ಹಾಕಿರಲಿಲ್ಲ.

ರಿಯೆಟ್ ಚಾಕು ಕೆಳಗಿಟ್ಟ. “ಅಪ್ಪ ಬರ್ದಿದ್ದೊಂದು, ಹೋಗಿದ್ದೊಂದು. ಅಂಥ ಬೇಜವಾಬ್ದಾರಿ ಮನುಷ್ಯನ ನೆನಪಿಗೆ ನಿನ್ನನ್ನ ಬೆಟ್ಟ ಹತ್ತಿಸ್ಬೇಕಾ?”

ಅವನ ಮಾತು ಅರ್ಥವಾಗಬೇಕಾದರೆ ತಂಗುಮನೆಯ ಪುಸ್ತಕದ ವಿಚಾರ ಗೊತ್ತಿರಬೇಕು. ಪ್ರತಿ ತಂಗುಮನೆಯಲ್ಲೂ ಒಂದು ದಪ್ಪ ಪುಸ್ತಕ ಇರುತ್ತದೆ, ಬಂದವರೆಲ್ಲ ಅದರಲ್ಲಿ ಬರೆಯಲೇಬೇಕು. ನಾಲ್ಕು ಕಾಲಂ: ದಿನಾಂಕ, ಹೆಸರು, ಎಲ್ಲಿಂದ, ಮುಂದೆ ಎಲ್ಲಿಗೆ. ಯಾರಾದರೂ ಕೆಳಗಿಳಿದು ಬರಲಿಲ್ಲವೆಂದರೆ ಹುಡುಕುವವರು ಮೊದಲು ಬಿಚ್ಚುವುದು ಆ ಪುಸ್ತಕವನ್ನೇ. ಯಾಖೆನ್‌ನ ಹೆಸರಿನ ಮುಂದೆ ನಾಲ್ಕನೆಯ ಕಾಲಂನಲ್ಲಿ ‘ಸೂರಾ ಕಣಿವೆ’ ಎಂದಿತ್ತು. ಜನ ಮೂರು ದಿನ ಸೂರಾದ ಹಿಮದಲ್ಲಿ ಉದ್ದ ಕೋಲು ಚುಚ್ಚಿ ಹುಡುಕಿದರು. ಜೂನ್‌ನಲ್ಲಿ ಹಿಮ ಕರಗಿದಾಗ ಅವನು ಸಿಕ್ಕಿದ್ದು ಬೆಟ್ಟದ ಇನ್ನೊಂದು ಬದಿಯ ನೇರಾ ಕೆರೆಯ ದಾರಿಯಲ್ಲಿ. ಕಾಲು ಮುರಿದಿತ್ತು. ಒಂದು ದಿನವಾದರೂ ಜೀವ ಹಿಡಿದುಕೊಂಡು ಕಾದಿರಬೇಕು ಎಂದು ಯಾರೋ ಅಂದರು. ಆ ಮಾತು ಬಾರ್ಬ್ಲಾಳ ಕಿವಿಗೂ ಬಿತ್ತು.

ಆಗ ರಿಯೆಟ್ ನಾಲ್ಕು ತಿಂಗಳ ಕೂಸು. ಅವನು ಬೆಳೆದದ್ದು ಅಪ್ಪನನ್ನು ಬೈದುಕೊಂಡು. ಬರೆದಂತೆ ನಡೆಯುವುದು ಅವನಿಗೆ ಅಲ್ಲಿಂದ ಅಂಟಿದ ಹಟ.

೩

ಈಗೊಂದು ಗುಟ್ಟು. ಜಾಣ ಲೇಖಕರು ಇಂಥದ್ದನ್ನು ಕೊನೆಯವರೆಗೂ ಬಚ್ಚಿಡುತ್ತಾರೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಆ ಕಾಲಂ ತುಂಬಿದ್ದು ಯಾಖೆನ್ ಅಲ್ಲ, ಬಾರ್ಬ್ಲಾ.

(ರಿಯೆಟ್‌ಗೆ ಹೇಳಬೇಡಿ. ಅವನಿನ್ನೂ ಎರಡನೆಯ ಭಾಗದಲ್ಲಿ ಚಾಕು ಕೆಳಗಿಟ್ಟುಕೊಂಡು ಕೂತಿದ್ದಾನೆ.)

ನನಗೂ ಇದು ಗೊತ್ತಿರಲಿಲ್ಲ. ಯಾಖೆನ್‌ನ ಕೈಗೆ ಪೆನ್ನು ಕೊಟ್ಟು ಒಂದು ಒಳ್ಳೆಯ ಪ್ಯಾರಾ ಬರೆದಿದ್ದೆ. ಬಾರ್ಬ್ಲಾ ಬಂದು ಪೆನ್ನು ಕಿತ್ತುಕೊಂಡಳು. ಅವರಿಬ್ಬರೂ ಕೂಸನ್ನು ಅವಳ ಅಮ್ಮನ ಹತ್ತಿರ ಬಿಟ್ಟು ಒಂದೇ ದಿನಕ್ಕೆಂದು ಮೇಲೆ ಹೋಗಿದ್ದರಂತೆ. ಸಂಜೆಗೆ ಅವಳ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ನಸುಕಿನಲ್ಲೇ ಇಳಿದು ಮಗುವಿಗೆ ಹಾಲು ಕೊಡಬೇಕು, ಬೆಳಿಗ್ಗೆ ಹೊತ್ತಾಗುವುದು ಬೇಡ ಎಂದು ಸಂಜೆಯೇ ಇಬ್ಬರದ್ದನ್ನೂ ಬರೆದಿಟ್ಟಳು. ಯಾಖೆನ್‌ಗೆ ಸೂರಾ ಕಡೆಯಿಂದ ಸುತ್ತಿಕೊಂಡು ಬರುವ ಆಸೆ. ಬಾರ್ಬ್ಲಾ: ಊರಿಗೆ. ಯಾಖೆನ್: ಸೂರಾ ಕಣಿವೆ. ಅಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು, ವಸಂತದಲ್ಲಿ ನಾಲ್ಕನೆಯ ಕಾಲಂ ಸಂಜೆ ತುಂಬಬಾರದು. ರಾತ್ರಿ ಹೆಪ್ಪುಗಟ್ಟಿದ ಹಿಮ ದಾರಿ ಕೊಡುತ್ತದೆ, ಕಟ್ಟದ ಹಿಮ ಕುಸಿಯುತ್ತದೆ. ಆ ರಾತ್ರಿ ಬಿಸಿಗಾಳಿ ಬೀಸಿತು. ಬಾರ್ಬ್ಲಾ ಹೊರಟುಹೋದ ಮೇಲೆ ಯಾಖೆನ್ ಎದ್ದು ಹಿಮ ಮುಟ್ಟಿ ನೋಡಿರಬೇಕು, ಸೂರಾ ಬೇಡ, ನೇರಾ ಕಡೆಯೇ ಮೇಲು ಅಂದುಕೊಂಡಿರಬೇಕು. ಕಾಲಂ ಆಗಲೇ ತುಂಬಿತ್ತು. ತುಂಬಿದ ಕಾಲಂ ಕಂಡವನು ಮತ್ತೆ ಪೆನ್ನು ಹುಡುಕುವುದಿಲ್ಲ.

ಮಗನಿಗೆ ಇಲ್ಲೇ ಅಡುಗೆಮನೆಯಲ್ಲೇ ಹೇಳಿಬಿಡಬಹುದಲ್ಲ, ನನ್ನ ಕಥೆಯೂ ಬೇಗ ಮುಗಿಯುತ್ತದೆ ಎಂದು ಅವಳನ್ನು ಕೇಳಿದೆ.

“ನಿಮಗೆ ಕಥೆ ಮುಗಿಸೋ ಆತುರ,” ಅಂದಳು. “ಬಾಯಲ್ಲಿ ಹೇಳಿದ್ರೆ, ಅಮ್ಮಂಗೆ ವಯಸ್ಸಾಯ್ತು, ಅಪ್ಪನ್ನ ಕಾಪಾಡೋಕೆ ಏನೋ ಅಂತಾಳೆ ಅಂತಾನೆ. ಅವನು ನಂಬೋದು ಬರ್ದಿದ್ದನ್ನ ಮಾತ್ರ. ಆ ಹಾಳೆ ಮೇಲೆ ಬೆರಳಿಟ್ಟು ತೋರಿಸ್ಬೇಕು. ಕಣ್ಣು ಹೋಗೋ ಮುಂಚೆ.”

ಅವಳ ಎರಡೂ ಕಣ್ಣಿನ ನೋಟದ ನಟ್ಟನಡುವೆ ಒಂದು ಕಲೆ ಬೆಳೆಯುತ್ತಿತ್ತು. ಚಳಿಗಾಲ ಬರುವುದರೊಳಗೆ ಅಕ್ಷರ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಗುಟ್ಟು ಹೇಳಿದರೆ ಮಗ ದೂರವಾದಾನು, ಹೇಳದಿದ್ದರೆ ಸತ್ತ ಗಂಡ ಬೈಗುಳ ತಿನ್ನುತ್ತಲೇ ಇರುತ್ತಾನೆ. ಇದಿಷ್ಟೇ ಕಥೆ. ಉಳಿದದ್ದೆಲ್ಲ ಪ್ಯಾಕಿಂಗ್.

೪

ನಾನು ಹೆಲಿಕಾಪ್ಟರ್ ತರಿಸಿದೆ. ಬಾರ್ಬ್ಲಾ ಹತ್ತಲಿಲ್ಲ. ಆಕಾಶದಿಂದ ಬಿದ್ದರೆ ಅದು ಹೋದ ಹಾಗಲ್ಲ ಅಂದಳು. ಒಂದು ಡ್ರಾಫ್ಟಿನಲ್ಲಿ ಡಾಕ್ಟರಿಂದ ಬೇಡ ಅನ್ನಿಸಿದೆ, ಅವಳು ಡಾಕ್ಟರನ್ನೇ ಬದಲಾಯಿಸಿದಳು. (ಹೊಸ ಡಾಕ್ಟರು ಹೃದಯ ಗಟ್ಟಿ ಇದೆ ಅಂದರು. ನಾನು ಸೃಷ್ಟಿಸಿದ ಡಾಕ್ಟರು ನನ್ನ ಮಾತೇ ಕೇಳುವುದಿಲ್ಲ.)

ದಾರಿ ತೋರಿಸಿದ್ದು ಮೆಂಜಿಯಾ. ಅಜ್ಜಿಯ ತವರಿನಲ್ಲಿ, ಹಿಂದೆ ಚಳಿಗಾಲದಲ್ಲಿ ಮೇಲಿನಿಂದ ಹುಲ್ಲು ಇಳಿಸುತ್ತಿದ್ದ ಮರದ ಜಾರುಬಂಡಿ ಇನ್ನೂ ಕೊಟ್ಟಿಗೆಯಲ್ಲಿದೆ, ನೋನಾಳನ್ನು, ಅಂದರೆ ಅಜ್ಜಿಯನ್ನು, ಅದರಲ್ಲಿ ಎಳೆಯೋಣ ಎಂದಳು. ಬಾರ್ಬ್ಲಾ ತಕ್ಷಣ ಮಗನ ಕಡೆ ತಿರುಗಿ, ಪ್ಲ್ಯಾನ್ ನೀನೇ ಮಾಡಪ್ಪ, ನಮಗೆಲ್ಲ ಏನು ಗೊತ್ತು ಅಂದಳು. ಮುದುಕಿ ಮಗನ ನಾಡಿ ಬಲ್ಲವಳು. ಮರುದಿನ ಬೆಳಗಿನ ತಿಂಡಿಗೆ ಹದಿನೇಳು ಸಾಲಿನ ಪಟ್ಟಿ ಸಿದ್ಧವಾಗಿತ್ತು. ಒಂಬತ್ತನೆಯ ಸಾಲು: ಅಮ್ಮ, ನಲವತ್ತಾರು ಕಿಲೋ, ಉಡುಪು ಸಹಿತ. ಆನೆಟ್ಟಾ ಕೆರೆಯ ದಡದ ಹೋಟೆಲನ್ನು ಬಾಯಿಬಿಡದೆ ರದ್ದುಮಾಡಿದಳು.

೫

ಇಲ್ಲಿ ಪರ್ವತ ಬರಲೇಬೇಕು. ಇನ್ನು ತಪ್ಪಿಸಿಕೊಳ್ಳಲಾರೆ.

ಬೆಳಗಿನ ಐದೂವರೆಗೆ ಬಾರ್ಬ್ಲಾಳ ತವರೂರು ಬಿಟ್ಟರು. ಹಿಮ ಗಟ್ಟಿಯಾಗಿ ಕಟ್ಟಿತ್ತು, ಬಂಡಿಯ ಕಾಲುಗಳು ಅದರ ಮೇಲೆ ಸಣ್ಣಗೆ ದನಿ ಮಾಡುತ್ತಿದ್ದವು. ರಿಯೆಟ್ ಮತ್ತು ಆನೆಟ್ಟಾ ಹಗ್ಗ ಹಿಡಿದು ಎಳೆದರು, ಮೆಂಜಿಯಾ ಹಿಂದಿನಿಂದ ತಳ್ಳಿದಳು. ಬಾರ್ಬ್ಲಾ ಕುರಿಚರ್ಮ ಹೊದ್ದು ಬಂಡಿಯಲ್ಲಿ ಅಂಗಾತ ಮಲಗಿದ್ದಳು. ಕೊನೆಯ ಲಾರ್ಚ್ ಮರ ದಾಟಿದಾಗ ಮೇಲಿನ ಶಿಖರಗಳಿಗೆ ಬಿಸಿಲು ತಾಗಿತು. ಮೊದಲು ಒಂದು, ಆಮೇಲೆ ಐದು, ಆಮೇಲೆ ಎಣಿಸಲಾಗಲಿಲ್ಲ. ಕಣಿವೆಯ ತಳದಲ್ಲಿ ಇನ್ನೂ ದೀಪಗಳು ಉರಿಯುತ್ತಿದ್ದವು. ಎಳೆಯುತ್ತಿದ್ದವರು ಯಾರೂ ಹೇಳದೆ ನಿಂತರು. ಪಟ್ಟಿಯಲ್ಲಿ ಆ ನಿಲುಗಡೆ ಇರಲಿಲ್ಲ.

ಏನಾದರೂ ಕಾಣುತ್ತದೆಯಾ ನೋನಾ ಎಂದು ಮೆಂಜಿಯಾ ಕೇಳಿದಳು.

“ನೇರ ನೋಡಿದ್ರೆ ಏನೂ ಇಲ್ಲ ಕಣೆ, ಬರೀ ಬೂದಿ,” ಅಂದಳು ಬಾರ್ಬ್ಲಾ. “ಪಕ್ಕಕ್ಕೆ ನೋಡಿದ್ರೆ ಇಡೀ ಬೆಟ್ಟ ಬಂದು ನಿಂತ್ಕೊಳ್ಳುತ್ತೆ.”

ಮೂರು ಡ್ರಾಫ್ಟ್ ಹರಿದ ಮೇಲೆ ಈ ಮಾತು ಬಂತು. ನಾನು ಬರೆಯುವುದು ನಿಲ್ಲಿಸಿ ಕಿಟಕಿಯ ಪಕ್ಕದ ಗೋಡೆ ನೋಡಿದೆ. ನಿಜವಾಗಿ ಬೆಟ್ಟ ಬಂದು ನಿಂತಿತು. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನಲ್ಲಿ ಪದಗಳಿಲ್ಲ, ‘ಭವ್ಯ’ವನ್ನಂತೂ ಆಗಲೇ ಖರ್ಚುಮಾಡಿಬಿಟ್ಟಿದ್ದೇನೆ.

೬

ತಂಗುಮನೆ ನೋಡಿಕೊಳ್ಳುವ ಹೆಂಗಸು ಬೆಂಚಿನ ಕೆಳಗಿನ ಪೆಟ್ಟಿಗೆಯಿಂದ ಹಳೆಯ ಪುಸ್ತಕಗಳನ್ನು ಎತ್ತಿ ಕೊಟ್ಟಳು. ಬಾರ್ಬ್ಲಾ ಅವುಗಳಲ್ಲಿ ಒಂದನ್ನು ಹೊರಗೆ ಬಿಸಿಲಿಗೆ ಒಯ್ದು ಕೂತಳು. ಹಾಳೆ ತಿರುವಿದಳು, ಮುಖ ಓರೆಮಾಡಿ ನೋಡಿದಳು, ಮತ್ತೆ ತಿರುವಿದಳು. ಬೆರಳು ಒಂದು ಕಡೆ ನಿಂತಿತು. ಇಲ್ಲಿದೆ, ಓದು ಎಂದು ಮಗನನ್ನು ಕರೆದಳು.

ಬೆರಳು ಯಾರೋ ಜರ್ಮನ್ ದಂಪತಿಗಳ ಮೇಲಿತ್ತು. ಕಣ್ಣಿಗೆ ಆಗಲೇ ಸಮಯ ಮೀರಿತ್ತು. ಅವಳು ಎಷ್ಟೋ ವರ್ಷ ಅಭ್ಯಾಸ ಮಾಡಿಕೊಂಡಿದ್ದ ಸನ್ನೆ ಹೀಗೆ ತಪ್ಪಿಹೋಯಿತು. ಸರಿಪಡಿಸೋಣವೆಂದು ನಾನು ಎರಡು ಸಲ ಪ್ರಯತ್ನಿಸಿದೆ, ಬೆರಳು ಅಲುಗಲಿಲ್ಲ.

ಹುಡುಕಿದ್ದು ರಿಯೆಟ್. ಐದು ಹಾಳೆ ಹಿಂದಕ್ಕೆ ಹೋಗಿ ಅಪ್ಪನ ಹೆಸರು ಕಂಡ. ‘ಯಾಖೆನ್’ ಎಂದು ಓದಿದ. ಮುಂದಿನ ಕಾಲಂ ಓದಿದ. ಕಡೆಯ ಕಾಲಂಗೆ ಬಂದ. ‘ಸೂರಾ’ದ ಮೊದಲಕ್ಷರ ‘ಎಸ್’ಗೆ ಉದ್ದನೆಯ ಬಾಲ ಇತ್ತು, ಅದು ಉಳಿದ ಅಕ್ಷರಗಳ ಕೆಳಗೆಲ್ಲ ನುಸುಳಿ ಹೋಗಿತ್ತು. ಅವನ ಶಾಲೆಯ ಚೀಲದ ಮೇಲೆ, ಊಟದ ಡಬ್ಬಿಯ ಮೇಲೆ, ನಲವತ್ತು ವರ್ಷದ ಜಾಮ್ ಬಾಟಲಿಗಳ ಮೇಲೆ ಇದ್ದ ಅದೇ ಹಲ್ಲಿ.

(ಇಲ್ಲಿ ಮಗನಿಗೆ ಒಂದು ಮಾತು ಬರೆಯಬೇಕು. ‘ಕ್ಷಮಿಸಿದೆ ಅಮ್ಮ’ ಎಂದು ಬರೆದೆ, ರಿಯೆಟ್ ಹೇಳಲು ಒಪ್ಪಲಿಲ್ಲ. ‘ಮೋಸ ಮಾಡಿದೆ’ ಎಂದು ಬರೆದೆ, ಅದನ್ನೂ ಹೇಳಲಿಲ್ಲ. ಕಣ್ಣೀರು ಬರೆದೆ. ನನ್ನತ್ತ ಒಂದು ನೋಟ ಬೀರಿದ, ಅಳಿಸಿದೆ.)

ಅವನು ಕೇಳಿದ್ದು ಇಷ್ಟು: “ಸಂಜೇನೇ ಬರೆದ್ಯಾ?”

“ಹೂಂ. ಹಾಲು ಕಟ್ಟಿತ್ತು. ನೀನು ಅಳ್ತಾ ಇದೀಯ ಅಂತ ಇಲ್ಲಿಂದ್ಲೇ ಗೊತ್ತಾಗ್ತಿತ್ತು.” ಆಮೇಲೆ ಹೇಳಿದಳು, “ನಿನ್ನಪ್ಪ ಯಾವತ್ತೂ ಬೆಳಿಗ್ಗೆ ಬರೆಯೋರು.”

ರಿಯೆಟ್ ಪುಸ್ತಕ ಮುಚ್ಚಲಿಲ್ಲ. ಅದನ್ನು ಎದೆಗವಚಿಕೊಂಡು ಬೇಲಿಯವರೆಗೆ ಹೋಗಿ ನಿಂತ. ಎದುರಿಗೆ ಸೂರಾದ ಇಳಿಜಾರು. ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿತ್ತು. ಮೇಲೆಲ್ಲೋ ಒಂದು ಗೆರೆ ಬಿರಿಯಿತು. ಇಡೀ ಬೆಟ್ಟದ ಬದಿ ನಿಧಾನವಾಗಿ ಜಾರಿತು, ಬಿಳಿ ಹೊಗೆ ಎದ್ದಿತು. ಅದೆಲ್ಲ ನಡೆದು ಮುಗಿದ ಮೇಲೆ ಸದ್ದು ಬಂತು, ಕಾಲಡಿಯ ನೆಲ ನಡುಗಿತು. ಮೆಂಜಿಯಾ ಅಮ್ಮನ ಕೈ ಹಿಡಿದಳು. ಯಾಖೆನ್ ಯಾವ ದಾರಿ ಬೇಡವೆಂದು ಬಿಟ್ಟನೋ ಅದು ಎಂಥದ್ದೆಂದು ಅವನ ಮಗ ಮೊದಲ ಸಲ ಕಣ್ಣಾರೆ ನೋಡಿದ. ಬೇಜವಾಬ್ದಾರಿ ಮನುಷ್ಯ ಹಿಮ ಮುಟ್ಟಿ ನೋಡುವುದಿಲ್ಲ.

ಅವನು ತಾಯಿಯ ಕಡೆ ತಿರುಗಲಿಲ್ಲ. ತಿರುಗಲಿ ಎಂದು ನಾನು ಎಷ್ಟು ಬೇಡಿಕೊಂಡೆನೆಂದು ನಿಮಗೆ ಗೊತ್ತಿಲ್ಲ.

೭

ಎಂಡಿಂಗ್ ಒಂದು: ಸಂಜೆ ತಾಯಿ ಮಗ ತಬ್ಬಿಕೊಳ್ಳುತ್ತಾರೆ. (ಪತ್ರಿಕೆಯವರಿಗೆ ಇಷ್ಟವಾಗುತ್ತದೆ.)

ಎಂಡಿಂಗ್ ಎರಡು: ರಿಯೆಟ್ ಒಬ್ಬನೇ ಇಳಿದು ಹೋಗುತ್ತಾನೆ. (ಬಂಡಿ ಎಳೆಯುವವರು ಯಾರು? ಆನೆಟ್ಟಾ ಒಪ್ಪುವುದಿಲ್ಲ.)

ಮೂರನೆಯದನ್ನು ನಾನು ಬರೆಯಲಿಲ್ಲ, ಆಗುವುದನ್ನು ನೋಡಿದೆ, ಅಷ್ಟೆ. ಸೂರ್ಯ ಇಳಿಯುತ್ತಿದ್ದ. ಬಾರ್ಲಿ ಸೂಪು ಮೇಜಿಗೆ ಬಂದಿತ್ತು. ರಿಯೆಟ್ ಮಧ್ಯಾಹ್ನದಿಂದ ತಾಯಿಯೊಡನೆ ಮಾತಾಡಿರಲಿಲ್ಲ. ಈ ವರ್ಷದ ಪುಸ್ತಕವನ್ನು ಎಳೆದುಕೊಂಡು ದಿನಾಂಕ ಬರೆದ. ನಾಲ್ವರ ಹೆಸರು ಬರೆದ. ಎಲ್ಲಿಂದ, ಬರೆದ. ನಾಳೆ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಎಲ್ಲಿರಬೇಕೆಂದು ಪಟ್ಟಿಯಲ್ಲಿ ಮೊದಲೇ ಇತ್ತು. ಕೈ ರೂಢಿಯಂತೆ ನಾಲ್ಕನೆಯ ಕಾಲಂಗೆ ಹೋಯಿತು.

ಬಾರ್ಬ್ಲಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಅಂದರೆ ಅವನನ್ನೇ ನೋಡುತ್ತಿದ್ದಳು. ಕೈ ಚಾಚಿ ಮಗನ ಮಣಿಕಟ್ಟು ಹಿಡಿದಳು. ಈ ಸಲ ಬೆರಳು ತಪ್ಪಲಿಲ್ಲ.

“ಬೆಳಿಗ್ಗೆ ಬರಿ ಮಗಾ. ಹಿಮ ಮುಟ್ಟಿ ನೋಡಿ ಬರಿ.”

ರಿಯೆಟ್ ಪೆನ್ನಿಗೆ ಮುಚ್ಚಳ ಹಾಕಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಒಂದು ಚೌಕ ಖಾಲಿ ಬಿಟ್ಟದ್ದನ್ನು ಆನೆಟ್ಟಾ ಕಂಡಿರಲಿಲ್ಲ. ಸೌಟು ಅವಳ ಕೈಯಲ್ಲೇ ಉಳಿಯಿತು. ಅವನು ಅಮ್ಮನ ಹಿಡಿತದಿಂದ ಕೈ ಬಿಡಿಸಿಕೊಳ್ಳಲಿಲ್ಲ, ಎಡಗೈಯಲ್ಲಿ ಸೂಪು ಕುಡಿದ.

ಕ್ಷಮಿಸಿದನೋ ಇಲ್ಲವೋ ಎಂದು ನೀವು ಕೇಳುತ್ತೀರಿ. ಇಷ್ಟು ದೂರ ಬಂದಿದ್ದೀರಿ, ಕೇಳುವ ಹಕ್ಕು ನಿಮಗಿದೆ. ಆದರೆ ಇಲ್ಲಿ ಇನ್ನೂ ಸಂಜೆ. ಹೊರಗೆ ಗಾಳಿ ಯಾವ ಕಡೆ ತಿರುಗುತ್ತದೋ, ಹಿಮ ಕಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ಮುಂದೆ ಎಲ್ಲಿಗೆ ಎಂದು ಬರೆದಿಟ್ಟರೆ ಏನಾಗುತ್ತದೆಂದು ನಾನೀಗಷ್ಟೇ ಬರೆದು ಮುಗಿಸಿದ್ದೇನೆ.

ನಾಲ್ಕು ಹೆಸರು, ಅವುಗಳ ಮುಂದೆ ಒಂದು ಖಾಲಿ ಚೌಕ.