ತಪ್ಪು ವಾಲ್ವ್

ಸುರಪುರದ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ಸೌಭಾಗ್ಯಳಿಗೆ ಬ್ಯಾನರ್ ಬರೆಸುವ ಕೆಲಸ ಬಿದ್ದಿತ್ತು. ಅಣುಸ್ಥಾವರದ ಸುರಕ್ಷತೆಯ ಬಗ್ಗೆ ಹಳೆಯ ವಿದ್ಯಾರ್ಥಿನಿ ನಂದಿನಿಯ ಉಪನ್ಯಾಸ. ನಂದಿನಿಯ ಹೆಸರು ಇನ್ನೂ ದೊಡ್ಡದಾಗಲಿ ಎಂದು ಪ್ರಿನ್ಸಿಪಾಲ ಸಾಬಣ್ಣನವರು ಎರಡು ಸಲ ಹೇಳಿಕಳಿಸಿದ್ದರು.

ಇದೇ ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ಸೌಭಾಗ್ಯ ಶಹಾಪುರದ ಕಿರಾಣಿ ಅಂಗಡಿಯವರ ಮಗಳು, ಮೂರೂ ವರ್ಷ ತರಗತಿಗೆ ಮೊದಲಿಗಳು. ನಂದಿನಿ ಕಕ್ಕೇರಾ ಕಡೆಯ ಹೊಳೆದಂಡೆಯ ಮೀನುಗಾರರ ಮಗಳು. ಸೌಭಾಗ್ಯಳ ನೋಟ್ಸ್ ನೋಡಿ ಓದಿದವಳು. ಸ್ಥಾವರದ ನೌಕರಿಗೆ ಇಬ್ಬರೂ ಪರೀಕ್ಷೆ ಬರೆದರು. ಆದದ್ದು ನಂದಿನಿಗೆ. ಹನ್ನೊಂದು ವರ್ಷ ಕಳೆದರೂ ಸೌಭಾಗ್ಯಳಿಗೆ ಅದು ಅರಗಿರಲಿಲ್ಲ.

ಉಪನ್ಯಾಸದ ಹಿಂದಿನ ಸಂಜೆ ನಂದಿನಿ ಅವಳ ಮನೆಯಲ್ಲೇ ಇಳಿದಿದ್ದಳು. ರೊಟ್ಟಿ ಉಣ್ಣುತ್ತ, "ಒಮ್ಮೆ ನಾ ತಪ್ಪು ವಾಲ್ವ್ ನೋಡಿ ಸರಿ ಐತಿ ಅಂತ ಸಹಿ ಹಾಕಿದ್ನಿ" ಎಂದಿದ್ದಳು. ಮುಂದೆ ಹೇಳುವಷ್ಟರಲ್ಲಿ ಅವಳಿಗೆ ಫೋನು ಬಂತು. ಸೌಭಾಗ್ಯ ಆ ಮಾತನ್ನು ಜೋಪಾನವಾಗಿ ಎತ್ತಿಟ್ಟುಕೊಂಡಳು.

ಮರುದಿನ ಸಭಾಂಗಣ ತುಂಬಿತ್ತು. ನಂದಿನಿ ಮಾತು ಮುಗಿಸಿದಾಗ ಮಕ್ಕಳ ಚಪ್ಪಾಳೆ ನಿಲ್ಲಲೇ ಇಲ್ಲ. ಸೌಭಾಗ್ಯಳ ಪಾಠಕ್ಕೆ ಅವರು ಒಂದು ದಿನವೂ ಹಾಗೆ ಕಣ್ಣರಳಿಸಿರಲಿಲ್ಲ. ಅವಳು ಎದ್ದು ನಿಂತಳು.

"ಮೇಡಂ, ನೀವು ಸ್ವತಃ ತಪ್ಪು ಮಾಡೀರೇನ್ರಿ? ತಪ್ಪು ವಾಲ್ವ್ ನೋಡಿ ಸಹಿ ಹಾಕಿದ್ದು ಖರೇನ?"

ನಂದಿನಿ ಅವಳನ್ನೇ ಒಂದು ಕ್ಷಣ ನೋಡಿ ಮೈಕ್ ಹತ್ತಿರ ಎಳೆದುಕೊಂಡಳು.

"ಖರೇ ಐತ್ರಿ. ತುರ್ತಿನಾಗ ನೀರು ಹಾಯಿಸೋ ಎರಡು ಪಂಪು ಒಂದರ ಮಗ್ಗಲಿಗೆ ಒಂದು ಇದ್ವು. ಎರಡನೇದರ ರಿಪೇರಿ ಮುಗಿದಿತ್ತು, ಅದರ ವಾಲ್ವ್ ತೆರೆದೈತೇನು ನೋಡ್ಬೇಕಿತ್ತು. ನಾ ಒಂದನೇದರದು ನೋಡಿ ಬಂದ್ನಿ. ಚಾ ಕುಡಿಯುವಾಗ ಸಂಶಯ ಬಂತು. ಹೋಗಿ ನೋಡಿದ್ರ ಎರಡನೇದು ಮುಚ್ಚೇ ಇತ್ತು. ಸೀದಾ ಸಾಹೇಬ್ರಿಗೆ ಹೇಳಿದ್ನಿ."

ಸುನಿತಾ ಎಂಬ ವಿದ್ಯಾರ್ಥಿನಿ ಕೇಳಿದಳು: "ಏನೂ ಆಗಿರಲಿಲ್ಲಲ್ರಿ. ಸುಮ್ನ ತೆರೆದು ಬಂದಿದ್ರ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಗೊತ್ತಾಗ್ತಿರಲಿಲ್ಲ. ಮುಂದ ಇನ್ನೊಬ್ರು ಅದೇ ತಪ್ಪು ಮಾಡ್ತಿದ್ರು. ಎರಡೂ ವಾಲ್ವಿಗೆ ಒಂದೇ ಬಣ್ಣ, ಸಣ್ಣ ಅಕ್ಷರ. ನಾ ಹೇಳಿದ ಮ್ಯಾಲ ಬಣ್ಣ ಬದಲಿಸಿದ್ರು. ದಣಿದ ಕಣ್ಣು ಎಲ್ಲಿ ತಪ್ಪತೈತಿ ಅನ್ನೋ ಸಂಶೋಧನಾ ತಂಡಕ್ಕ ನನ್ನ ಹಾಕಿದ್ರು. ಈಗ ಅದನ್ನೇ ಮಾಡಾಕತ್ತೇನಿ."

ಈ ಸಲ ಸಾಬಣ್ಣನವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೌಭಾಗ್ಯ ನಂದಿನಿಯನ್ನು ಕೆಡವಲು ಹೋಗಿ ಇನ್ನಷ್ಟು ಎತ್ತರಕ್ಕೆ ಏರಿಸಿದ್ದಳು.

ಸಂಜೆ ಯಾದಗಿರಿ ಬಸ್ಸಿಗೆ ಬಿಡಲು ಹೋದಾಗ ನಂದಿನಿ ಕೇಳಿದಳು. "ಮನ್ಯಾಗ ಹೇಳಿದ್ದನ್ನ ಮಂದ್ಯಾಗ ಯಾಕ ಕೇಳಿದಿ?"

ಮಕ್ಕಳಿಗೆ ತಿಳಿಯಲೆಂದು ಕೇಳಿದೆ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಹೊಟ್ಟಿಕಿಚ್ಚು. ಅವತ್ತು ನಿನಗ ನೌಕರಿ ಆದಾಗಿಂದ ಐತಿ."

ನಂದಿನಿ ಚೀಲ ಹೆಗಲಿಗೇರಿಸಿದಳು. "ನನಗ ಬ್ಯಾಸರಾಗೇತಿ" ಎಂದಳು. "ಹೋದ ಮ್ಯಾಲ ಫೋನ್ ಮಾಡ್ತೀನಿ. ಇವತ್ತ ಬ್ಯಾಡ."

ಬಸ್ಸು ಹೊರಟಿತು. ಕಿಟಕಿಯಿಂದ ಅವಳು ಕೈ ಬೀಸಲಿಲ್ಲ. ಹೇಳಿಬಿಟ್ಟದ್ದಕ್ಕೆ ಸೌಭಾಗ್ಯಳ ಎದೆ ಕೊಂಚ ಹಗುರಾಗಿತ್ತು, ನಿಜ. ಆದರೂ ಹೋಗುತ್ತಿರುವವಳ ಜಾಗದಲ್ಲಿ ತಾನಿರಬೇಕಿತ್ತು ಎನ್ನುವ ಕೊರಗು ಹೋಗಿರಲಿಲ್ಲ.