ಹಿಟ್ಟಿಗೆ ಐಸು, ಅಕ್ಕನಿಗೆ ಜಾಕೆಟ್ಟು

ಹೋದ ವರ್ಷ ಕಸುಬುದಾರರ ಓಟದ ದಿನ, ದಾರಿಬದಿಯ ನೀರಿನ ಡ್ರಮ್ಮುಗಳನ್ನು ಬೇಕರಿ ಯಜಮಾನ ಎತ್ತಿಸಿದ. ಫೋಟೋಗೆ ಅಡ್ಡ ಬರುತ್ತಿದ್ದವು. ಎತ್ತಿ ಆಚೆ ಇಟ್ಟವನು ಅದೇ ಬೇಕರಿಯಲ್ಲಿ ಹಿಟ್ಟು ನಾದುವ ಮೇಸ್ತ್ರಿ. ಆ ಓಟದಲ್ಲಿ ಮೇಸ್ತ್ರಿಯ ಹೆಂಡತಿಯೂ ಓಡುತ್ತಿದ್ದಳು, ಬೇಕರಿಯ ಹೆಸರು ಬರೆದ ದಪ್ಪ ಕಂದು ಜಾಕೆಟ್ಟು ತೊಟ್ಟು. ಕೊನೆಯ ತಿರುವಿನಲ್ಲಿ ಬಿದ್ದಳು.

ಅವಳು ಬೇಕರಿಯ ಒಲೆ ನೋಡಿಕೊಳ್ಳುವವಳು. ಎಲ್ಲರ ಬಾಯಲ್ಲೂ ಒಲೆಯಕ್ಕ. ಬಿದ್ದವಳು ರಸ್ತೆಯ ಮೇಲೆ ಮಲಗಿಕೊಂಡೇ, "ಒಲೆ ಬಾಗಿಲು ಮುಚ್ರೋ, ಬ್ರೆಡ್ಡು ಸೀದುಹೋಗುತ್ತೆ!" ಎಂದು ಕೂಗುತ್ತಿದ್ದಳು. ಸುತ್ತ ನಿಂತವರು ನಕ್ಕರು. ಸೀಯುತ್ತಿದ್ದದ್ದು ಬ್ರೆಡ್ಡಲ್ಲ, ಅವಳ ಮೈ ಎಂದು ಗೊತ್ತಾದದ್ದು ಆಸ್ಪತ್ರೆಯಲ್ಲಿ.

ಈ ವರ್ಷ ಒಲೆಯಕ್ಕ ಮತ್ತೆ ಹೆಸರು ಕೊಟ್ಟಳು. "ಗೆದ್ದರೆಷ್ಟು, ಬಿಟ್ಟರೆಷ್ಟು? ಓಟದ ಕೊನೇ ಗೆರೇನ ನನ್ನ ಕಾಲ ಮೇಲೆ ನಾನೇ ದಾಟಬೇಕು. ಇಲ್ಲಾಂದ್ರೆ ಆ ತಿರುವು ಕಂಡಾಗಲೆಲ್ಲ ನನಗೆ ನಾಚಿಕೆ."

ತರಬೇತಿಗೆ ಗುರು ಯಾರು? ಗಂಡನೇ. ಮೇಸ್ತ್ರಿ ಸುಡುಬಿಸಿಲಲ್ಲಿ ಹೆಂಡತಿಗೆ ಜಾಕೆಟ್ಟು ತೊಡಿಸಿ ಓಡಿಸುತ್ತಿದ್ದ. ತಾನು ಮಾತ್ರ ಅಗಲ ಟೋಪಿ ಹಾಕಿಕೊಂಡು, ಸೈಕಲ್ಲಿನಲ್ಲಿ ಹಿಂದೆ ಹಿಂದೆ ಸೀಟಿ ಊದುತ್ತ ಬರುತ್ತಿದ್ದ. ಅವಳು ನೀರು ಕೇಳಿದರೆ, "ಓಡುವಾಗ ನೀರಾ? ಹೊಟ್ಟೆ ಹಿಡ್ಕೊಳ್ಳುತ್ತೆ!" ಎನ್ನುತ್ತಿದ್ದ.

ಒಂದು ದಿನ ಒಲೆಯಕ್ಕನ ತಂಗಿ ಬೇಕರಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಅಕ್ಕ ಮೂಲೆಯ ಮೂಟೆಗೆ ಒರಗಿ ಕೂತಿದ್ದಳು. ಮುಖ ಕೆಂಪು, ತಲೆನೋವು.

"ಇದೇನು ಭಾವ, ನಮ್ಮಕ್ಕನ್ನ ಓಡಿಸ್ತಿದೀರೋ, ಹುರೀತಿದೀರೋ?"

"ಬಂದಳಪ್ಪ ನರ್ಸಮ್ಮ! ನೋಡು, ದಿನಾ ಒಲೆ ಮುಂದೆ ನಿಲ್ಲೋಳಿಗೆ ಬಿಸಿಲು ಯಾವ ಲೆಕ್ಕ? ಹೋದ ಸಲ ಅಭ್ಯಾಸ ಸಾಲಲಿಲ್ಲ, ಅಷ್ಟೇ." ಹಾಗೆನ್ನುತ್ತಲೇ ಮೇಸ್ತ್ರಿ ಒಂದು ಬಕೆಟ್ಟು ಐಸನ್ನು ಹಿಟ್ಟು ನಾದುವ ಯಂತ್ರಕ್ಕೆ ಸುರಿದ.

"ಹಿಟ್ಟಿಗ್ಯಾಕೆ ಐಸು?"

"ಅಯ್ಯೋ, ಯಂತ್ರ ತಿರುಗಿದಂಗೆಲ್ಲ ಹಿಟ್ಟು ತಾನೇ ಬಿಸಿಯಾಗುತ್ತಮ್ಮ. ಮೇಲೆ ಬೇಸಿಗೆ ಬೇರೆ. ಐಸು ಹಾಕದಿದ್ರೆ ಕೈಗೇ ಬರದಂಗೆ ಕೆಟ್ಟುಹೋಗುತ್ತೆ."

"ಓಡುವಾಗ ಮೈಯೂ ಹಾಗೇ ಭಾವ. ಒಲೆ ಬಿಸಿ ಹೊರಗಿಂದು. ಓಡೋರಿಗೆ ಬೆಂಕಿ ಒಳಗೇ ಹೊತ್ತಿಕೊಳ್ಳುತ್ತೆ, ಮೇಲೆ ಬಿಸಿಲು ಬೇರೆ. ಅಂತೂ ಹಿಟ್ಟಿಗಿರೋ ಮರ್ಯಾದೆ ನಮ್ಮಕ್ಕನಿಗಿಲ್ಲ!"

ಒಲೆಯಕ್ಕ ತಲೆನೋವು ಮರೆತು ನಕ್ಕಳು. ಮೇಸ್ತ್ರಿ ಸೋಲಲಿಲ್ಲ. "ಬೆವರು ಸುರಿದಷ್ಟೂ ಒಳ್ಳೇದು ಅಂತಾರಲ್ಲ?"

"ಸುರಿದ್ರೆ ಸಾಲದು, ಆರಬೇಕು. ಬೆವರು ಆರುವಾಗ ತಾನೇ ಮೈ ತಂಪಾಗೋದು? ಈ ಜಾಕೆಟ್ಟೊಳಗೆ ಅದು ಆರೋದೆಲ್ಲಿ? ಬಿಸಿ ಬ್ರೆಡ್ಡನ್ನ ಹಾಗೇ ಪ್ಲಾಸ್ಟಿಕ್ಕಲ್ಲಿ ಕಟ್ತೀರಾ?"

"ಛೆ, ಎಲ್ಲಾದರೂ ಉಂಟೇ! ಒಳಗೇ ಬೆವರಿ ಬೂಷ್ಟು ಹಿಡಿಯುತ್ತೆ..." ಎಂದ ಮೇಸ್ತ್ರಿ, ನಾಲಿಗೆ ಕಚ್ಚಿಕೊಂಡ. ಹೆಂಡತಿಯ ಕಡೆ ನೋಡಿದ. ಎದ್ದುಹೋಗಿ ಒಂದು ಹಿಡಿ ಐಸನ್ನು ಬಟ್ಟೆಯಲ್ಲಿ ಕಟ್ಟಿ ತಂದು ಅವಳ ಕತ್ತಿನ ಹಿಂದೆ ಇಟ್ಟ. ನೀರಿನ ಚೊಂಬನ್ನೂ ಕೈಗೆ ಕೊಟ್ಟ.

"ನೀರು ಕುಡಿದ್ರೆ ಹೊಟ್ಟೆ?" ಎಂದು ನಾದಿನಿಯನ್ನು ಕೇಳಿದ.

"ಬಿಂದಿಗೆ ಬಗ್ಗಿಸಿಕೊಂಡ್ರೆ ಹಿಡ್ಕೊಳ್ಳುತ್ತೆ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡೀಲಿ. ಬಲವಂತವಾಗಿ ಹೊಟ್ಟೆ ತುಂಬಿಸೋದೂ ಬೇಡ, ಅದೂ ಅಪಾಯವೇ. ತುಂಬಾ ಹೊತ್ತು ಓಡಿ ಬೆವರಿದ ದಿನ ಊಟದಲ್ಲಿ ಉಪ್ಪೂ ಇರಲಿ."

ಮಾರನೆಯ ದಿನದಿಂದ ಓಟ ನಸುಕಿಗೆ ಬಂತು. ಜಾಕೆಟ್ಟು ಮೊಳೆಗೆ ಹೋಯಿತು. ತೆಳು ಬಣ್ಣದ, ಗಾಳಿಯಾಡುವ ಸಡಿಲ ಅಂಗಿ ಮೈಗೆ ಬಂತು. ಓಟದ ದಿನ ಬಿಸಿಲೇರಿದರೆ? ಅದಕ್ಕೂ ಮೈಯನ್ನು ಪಳಗಿಸಬೇಕಲ್ಲ. ಮೊದಲು ಇಳಿಬಿಸಿಲಲ್ಲಿ ಸ್ವಲ್ಪ ಹೊತ್ತು, ನಿಧಾನ. ಆಮೇಲೆ ತುಸು ಹೆಚ್ಚು. ಹೀಗೆ ಎರಡು ವಾರ. ಜ್ವರವೋ ಭೇದಿಯೋ ಇದ್ದ ದಿನ ಓಟವೇ ಇಲ್ಲ.

ತಂಗಿ ಬಂದಾಗಲೆಲ್ಲ ಭಾವನಿಗೆ ಪರೀಕ್ಷೆ.

"ತಲೆ ಸುತ್ತಿದ್ರೆ, ವಾಕರಿಕೆ ಬಂದ್ರೆ, ಬಿಸಿಲಲ್ಲೇ ಚಳಿ ಹತ್ತಿದಂಗಾದ್ರೆ?"

"ಅಲ್ಲೇ ನಿಲ್ಲೋದು. ನೆರಳಿಗೆ ಹೋಗೋದು."

"ಮಾತು ತೊದಲಿದ್ರೆ, ಅಡ್ಡಾದಿಡ್ಡಿ ಮಾತಾಡಿದ್ರೆ?"

"ಆಂಬುಲೆನ್ಸಿಗೆ ಫೋನು. ಬರಲಿ ಅಂತ ಕಾಯ್ತಾ ಕೂರೋದಲ್ಲ. ಆಗಲೇ ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಕೂರಿಸಿ ಹಿಡ್ಕೊಳ್ಳೋದು. ತೊಟ್ಟಿ ಇಲ್ಲಾಂದ್ರೆ ಮೈಗೆಲ್ಲ ನೀರು ಸುರೀತಾ ಗಾಳಿ ಬೀಸೋದು."

"ಎಚ್ಚರ ತಪ್ಪಿದವರ ಬಾಯಿಗೆ ನೀರು?"

"ಹಾಕಲೇಬಾರದು!"

"ಎಲ್ಲಾ ಸರಿ," ಎಂದಳು ಒಲೆಯಕ್ಕ. "ಆದ್ರೆ ಹೆಂಡತಿ ಅಡ್ಡಾದಿಡ್ಡಿ ಮಾತಾಡ್ತಾಳೆ ಅಂತ ದಿನಾ ನನ್ನನ್ನ ತೊಟ್ಟಿಗೆ ಹಾಕಬೇಡಿ ಮತ್ತೆ."

ಹೋದ ವರ್ಷ ಓಟ ಶುರುವಾದದ್ದು ನಡುಮಧ್ಯಾಹ್ನ. ಈ ಸಲ ದರ್ಜಿಗಳು, ಗ್ಯಾರೇಜಿನವರು, ಬೇಕರಿಯವರು ಎಲ್ಲ ಒಟ್ಟಾಗಿ ಹೋಗಿ, ಬೆಳಗ್ಗೆಯೇ ಆಗಬೇಕು ಎಂದು ಹಟ ಹಿಡಿದು ಒಪ್ಪಿಸಿದ್ದರು. ಒಪ್ಪಿಸಿದರೇನು? ಬಾವುಟ ಬೀಸಬೇಕಾದ ಅತಿಥಿ ಎದ್ದು, ಕಾಫಿ ಕುಡಿದು, ಕಾರು ಹತ್ತಿ ಬರುವಷ್ಟರಲ್ಲಿ ಬಿಸಿಲು ಎಲ್ಲರ ಹೆಗಲೇರಿ ಕೂತಿತ್ತು. ಓಡುವವರ ಮೈ ಯಾರಪ್ಪನ ಮನೆಯ ಗಂಟು? ಕಾಯಿಸುವವನಿಗೆ ಕಾರಿನಲ್ಲಿ ತಂಪು ಗಾಳಿ ಇರುತ್ತದೆ!

ಒಲೆಯಕ್ಕ ಮರದ ಕೆಳಗೆ ಕೂತು ತಣ್ಣೀರು ಗುಟುಕರಿಸುತ್ತಿದ್ದಳು. ಗ್ಯಾರೇಜಿನ ಹುಡುಗ ಬಿಸಿಲಲ್ಲೇ ಕುಪ್ಪಳಿಸುತ್ತ, "ಏನಕ್ಕಾ, ಹಿಟ್ಟು ಇನ್ನೂ ಉಬ್ಬಿಲ್ವಾ?" ಎಂದು ರೇಗಿಸಿದ.

"ಅವಸರ ಮಾಡಿದ ಹಿಟ್ಟು ಕುಸಿದು ಕೂರುತ್ತೆ ಕಣಪ್ಪ."

ಯಜಮಾನ ಕಳಿಸಿದ್ದ ಜಾಕೆಟ್ಟುಗಳು? ಮೇಸ್ತ್ರಿ ಎಲ್ಲವನ್ನೂ ಐಸಿನ ಪೆಟ್ಟಿಗೆಯ ಮೇಲೆ ಹೊದಿಸಿದ್ದ. "ದಪ್ಪ ಬಟ್ಟೆ ನೋಡು, ಐಸು ಕರಗೋದೇ ಇಲ್ಲ. ಈ ಜನ್ಮದಲ್ಲಿ ಇವು ಮಾಡಿದ ಒಂದೇ ಒಳ್ಳೇ ಕೆಲಸ!" ಪಕ್ಕದಲ್ಲಿ ಬೇಕರಿಯ ದೊಡ್ಡ ತೊಟ್ಟಿ, ಅದರ ತುಂಬ ತಣ್ಣೀರು. ತಂಗಿ ಅಲ್ಲೇ ಕಾವಲು.

ಬಾವುಟ ಬಿತ್ತು. ಒಲೆಯಕ್ಕ ನಿಧಾನವಾಗಿ ಹೊರಟಳು. ತಂಪು ದಿನದ ವೇಗವನ್ನು ಬಿಸಿಲ ದಿನ ಕೇಳಬಾರದು ಎಂದು ತಂಗಿ ಹೇಳಿದ್ದಳು. ಕತ್ತಿನ ಹಿಂದೆ ಐಸಿನ ಗಂಟು, ತಲೆಗೆ ಒದ್ದೆ ಟೋಪಿ. ಡ್ರಮ್ಮು ಬಂದಲ್ಲೆಲ್ಲ ಎರಡು ಗುಟುಕು ಬಾಯಿಗೆ, ಒಂದು ಲೋಟ ತಲೆಗೆ. ರಸ್ತೆಯ ಯಾವ ಬದಿ ನೆರಳಿದ್ದರೆ ಆ ಬದಿ ಅವಳದು.

ಹೋದ ವರ್ಷ ಬಿದ್ದಿದ್ದ ತಿರುವು ಬಂತು. ಅಲ್ಲಿ ಗ್ಯಾರೇಜಿನ ಹುಡುಗ ಗೋಡೆಯ ನೆರಳಲ್ಲಿ ಕೂತು, ತಲೆ ಸುತ್ತು ಇಳಿಯಲಿ ಎಂದು ನೆತ್ತಿಗೆ ನೀರು ಸುರಿದುಕೊಳ್ಳುತ್ತಿದ್ದ. ಅವಳು ನಿಂತು ನೋಡಿದಳು. "ನಾನ್ಯಾರು ಹೇಳು?"

"ಒಲೆಯಕ್ಕ. ನಗಬೇಡ, ಹೋಗು."

ಮಾತು ನೆಟ್ಟಗಿತ್ತು. ಪಕ್ಕದಲ್ಲಿ ನೀರು ಹಾಕುವವರೂ ಇದ್ದರು. "ಕೂತು ತಪ್ಪು ಮಾಡಲಿಲ್ಲ ಕಣೋ, ಜಾಣ!" ಎಂದು ಅವಳು ಓಡಿದಳು. ತಿರುವು ಕಳೆಯಿತು. ಗೆರೆ ದಾಟಿದಳು. ಮೊದಲನೆಯವಳಲ್ಲ, ಕೊನೆಯವಳೂ ಅಲ್ಲ. ತನ್ನ ಕಾಲ ಮೇಲೆ ನಿಂತಿದ್ದಳು. ಓಡಿಬಂದ ಗಂಡನ ಮುಖ ನೋಡಿ ಕಣ್ಣರಳಿಸಿ, "ಒಲೆ ಬಾಗಿಲು ಮುಚ್ರೀ!" ಎಂದಳು.

ತಮಾಷೆ ಎಂದು ತಿಳಿಯುವಷ್ಟರಲ್ಲಿ ಮೇಸ್ತ್ರಿ ಇಡೀ ಬಕೆಟ್ಟು ಐಸುನೀರನ್ನು ಅವಳ ತಲೆಯ ಮೇಲೆ ಸುರಿದಾಗಿತ್ತು. ಅವಳು ಕಿರುಚಿದಳು, ತಂಗಿ ಬಿದ್ದು ಬಿದ್ದು ನಕ್ಕಳು, ರಸ್ತೆಗೆ ರಸ್ತೆಯೇ ನಕ್ಕಿತು. ಈ ಸಲದ ನಗು ಬೇರೆ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಓಡಿ. ಖುಷಿಯಾಗಿ ಓಡಿ. ಆದರೆ ಬಿಸಿಲನ್ನು ತಡೆದುಕೊಳ್ಳುವುದೇ ಗಂಡಸ್ತನ, ಬಾಯಾರಿಕೆಯೇ ಶಿಸ್ತು ಎನ್ನುವವರ ಮಾತು ಕೇಳಬೇಡಿ. ತಂಪು ಹೊತ್ತಲ್ಲಿ ಅಭ್ಯಾಸ ಮಾಡಿ, ನೀರು ಕುಡಿಯಿರಿ, ಮೈ ಒದ್ದೆ ಮಾಡಿಕೊಳ್ಳಿ, ಮೈ ಬೇಡ ಎಂದಾಗ ನಿಲ್ಲಿ. ನಿಮ್ಮೂರಲ್ಲಿ ಓಟ ನಡೆಸುವವರನ್ನು ಹೆಸರು ಕೊಡುವ ಮೊದಲೇ ಕೇಳಿ: ನೆರಳೆಲ್ಲಿ? ನೀರೆಲ್ಲಿ? ಐಸಿನ ತೊಟ್ಟಿ ಎಲ್ಲಿ? ಕೇಳಲು ನಾಚಬೇಡಿ. ಅದು ಬೇಡಿಕೊಳ್ಳುವ ಮಾತಲ್ಲ, ಹಕ್ಕಿನ ಮಾತು.

ಅತ್ತ ರಸ್ತೆಯ ನಗು ನಿಲ್ಲುವಷ್ಟರಲ್ಲಿ ಯಜಮಾನ ಫೋಟೋದವನನ್ನು ಕರೆದುಕೊಂಡು ಬಂದ. ಅತಿಥಿ ಗೆರೆಯ ಹತ್ತಿರ ನಗುತ್ತ ನಿಂತಿದ್ದ. "ಮೇಸ್ತ್ರಿ, ಆ ಡ್ರಮ್ಮು ಎತ್ತಿ ಆಚೆ ಇಡು. ಫೋಟೋಗೆ ಅಡ್ಡ ಬರ್ತಿದೆ."

ಮೇಸ್ತ್ರಿ ರಸ್ತೆಯ ಕಡೆ ನೋಡಿದ. ದೂರದಲ್ಲಿ, ಬಿಸಿಲಲ್ಲಿ, ಇನ್ನೂ ಕೆಲವರು ಕಾಲೆಳೆಯುತ್ತ ಬರುತ್ತಿದ್ದರು. ಅವನು ಡ್ರಮ್ಮಿನ ಮುಂದೆ ಹೋಗಿ ಕೈಕಟ್ಟಿ ನಿಂತ. ಒಲೆಯಕ್ಕ, ನೀರು ತೊಟ್ಟಿಕ್ಕುತ್ತ, ಪಕ್ಕದಲ್ಲಿ ನಿಂತಳು.

"ಎತ್ತಲ್ಲ, ಯಜಮಾನ್ರೇ."